ಅದೇ ಮರಗಳನ್ನು ಮತ್ತೆ ಏಕೆ ಅಳೆಯಬೇಕು?

ಮೈಸೂರಿನಿಂದ ಊಟಿಗೆ ಹೋಗುವ ಬಸ್ಸು ಗುಂಡ್ಲುಪೇಟೆಯನ್ನು ದಾಟಿ ಬಂಡೀಪುರದ ಕಾಡನ್ನು ಹೊಕ್ಕೊಡನೆ ಪ್ರಯಾಣಿಕರೆಲ್ಲರ ಕಣ್ಣು ಕಿಟಕಿಯ ಕಡೆ ತಿರುಗುತ್ತದೆ. ಆನೆ ಕಂಡೀತೇ, ಕಾಟಿ ಕಂಡೀತೇ ಎಂಬ ಕಾತರ. ರಾಜ್ಯದ ಗಡಿ ದಾಟಿದ್ದು ಫಲಕವನ್ನು ನೋಡಿದವರಿಗಷ್ಟೇ ತಿಳಿಯುತ್ತದೆ. ಕಾಡು ಅದೇ ಕಾಡು. ಹೆಸರು ಮಾತ್ರ ಬಂಡೀಪುರದಿಂದ ಮುದುಮಲೆಗೆ ಬದಲಾಗಿರುತ್ತದೆ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ನಾವೂ ಆ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದೇವೆ. ಆನೆ ಕಂಡ ದಿನ ಕಾಡು ಸಾರ್ಥಕವಾಯಿತೆಂದೂ, ಕಾಣದ ದಿನ ಬರಿಯ ಮರಗಳನ್ನು ನೋಡಿ ಬಂದೆವೆಂದೂ ಹೇಳಿಕೊಂಡಿದ್ದೇವೆ.

ಆ ಬರಿಯ ಮರಗಳ ನಡುವೆ, ರಸ್ತೆಗೆ ಕಾಣದ ಒಳಗಾಡಿನಲ್ಲಿ, ಒಂದು ಕಿಲೋಮೀಟರ್ ಉದ್ದ ಅರ್ಧ ಕಿಲೋಮೀಟರ್ ಅಗಲದ ಒಂದು ತುಂಡು ನೆಲವಿದೆ. ವಿಸ್ತೀರ್ಣ 50 ಹೆಕ್ಟೇರ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರದವರು, ಆನೆಗಳ ಅಧ್ಯಯನದಿಂದ ಹೆಸರಾದ ರಾಮನ್ ಸುಕುಮಾರ್ ಅವರ ನೇತೃತ್ವದಲ್ಲಿ, 1988-89ರಲ್ಲಿ ಅದನ್ನು ಗುರುತು ಹಾಕಿ ಅಲ್ಲಿರುವ ಮರಗಿಡಗಳ ಗಣತಿ ಮಾಡಿದರು. ಕಾಂಡ ಒಂದು ಸೆಂಟಿಮೀಟರಿಗಿಂತ ದಪ್ಪವಿರುವ ಪ್ರತಿಯೊಂದು ಮರಕ್ಕೂ ಪೊದೆಗೂ ಸಂಖ್ಯೆ ಬರೆದ ತಗಡಿನ ಬಿಲ್ಲೆ, ಯಾವುದು ಎಲ್ಲಿದೆ ಎಂಬ ನಕ್ಷೆ, ನೆಲದಿಂದ 1.3 ಮೀಟರ್ ಎತ್ತರದಲ್ಲಿ, ಅಂದರೆ ನಿಂತ ಮನುಷ್ಯನ ಎದೆಮಟ್ಟದಲ್ಲಿ, ಕಾಂಡದ ಅಳತೆ. ಮೊದಲ ಗಣತಿಗೆ ಸಿಕ್ಕವು ಸುಮಾರು 26 ಸಾವಿರ ಗಿಡಮರಗಳು, ಎಪ್ಪತ್ತರಷ್ಟು ಜಾತಿಗಳು. ನಂದಿ, ಮತ್ತಿ, ದಿಂಡಲು, ತೇಗ, ಕಕ್ಕೆ, ನೆಲ್ಲಿ. ನಮ್ಮ ಅಜ್ಜಂದಿರು ಹೆಸರು ಹಿಡಿದು ಕರೆಯುತ್ತಿದ್ದ ಮರಗಳೇ ಇವು.

ಅಂದಿನಿಂದ ಪ್ರತಿ ವರ್ಷವೂ ಯಾವುದು ಸತ್ತಿತು, ಯಾವುದು ಹೊಸದಾಗಿ ಸೇರಿತು ಎಂಬ ಎಣಿಕೆ ನಡೆಯಿತು. ನಾಲ್ಕು ವರ್ಷಕ್ಕೊಮ್ಮೆ ಎಲ್ಲವನ್ನೂ ಮತ್ತೆ ಅಳೆಯುವ ಕ್ರಮವಾಯಿತು. ಈ ಪದ್ಧತಿಯ ಮೂಲ ಪನಾಮಾ ಕಾಲುವೆಯ ನಡುವಿನ ಬಾರೊ ಕೊಲೊರಾಡೊ ದ್ವೀಪದಲ್ಲಿದೆ. ಉಷ್ಣವಲಯದ ಒಂದೇ ಕಾಡಿನಲ್ಲಿ ನೂರಾರು ಜಾತಿಯ ಮರಗಳು ಒಂದನ್ನೊಂದು ಮುಗಿಸಿಬಿಡದೆ ಹೇಗೆ ಜೊತೆಯಾಗಿ ಬಾಳುತ್ತವೆ ಎಂಬ ಪ್ರಶ್ನೆಯನ್ನು ಹಿಡಿದು ಸ್ಟೀಫನ್ ಹಬ್ಬೆಲ್ ಮತ್ತು ರಾಬಿನ್ ಫಾಸ್ಟರ್ 1980ರಲ್ಲಿ ಅಲ್ಲಿ 50 ಹೆಕ್ಟೇರಿನ ತಾಣವೊಂದನ್ನು ಆರಂಭಿಸಿದರು. ಈಗ ಅದೇ ಕ್ರಮದಲ್ಲಿ ನಡೆಯುವ ಎಪ್ಪತ್ತಕ್ಕೂ ಹೆಚ್ಚು ತಾಣಗಳು ಜಗತ್ತಿನಲ್ಲಿವೆ. ಅವುಗಳಲ್ಲಿ ಬಹಳ ಹಳೆಯವುಗಳ ಸಾಲಿನಲ್ಲಿ ನಿಲ್ಲುವ ಮುದುಮಲೆಯ ತಾಣ ಕನ್ನಡ ನಾಡಿನ ಅಂಚಿನಲ್ಲೇ ಇದೆ.

ಇಂಥ ಶಾಶ್ವತ ಅಧ್ಯಯನ ತಾಣಗಳ ಬಗ್ಗೆ ಸಾಹಿತ್ಯದ ಅಂಗಳದಲ್ಲಿ ಬರೆಯಲು ನಮಗೇನು ಅಧಿಕಾರ ಎಂದು ಓದುಗರು ಕೇಳಬಹುದು. ನಾವು ವಿಜ್ಞಾನಿಗಳಲ್ಲ. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿ, ಪರೀಕ್ಷೆ ಬರೆದು, ಕೇಂದ್ರ ಸರ್ಕಾರದ ನೌಕರಿಗೆ ಸೇರಿ, ವರ್ಗಾವಣೆಯ ಆದೇಶ ಬಂದಂತೆ ದೆಹಲಿ, ನಾಗಪುರ, ಚೆನ್ನೈ ಎಂದು ಊರು ಬದಲಿಸುತ್ತ ಬಂದವರು. ಆದರೆ ಈ ವಿಷಯದಲ್ಲಿ ನಮ್ಮ ಮೇಲೆ ಒಂದು ಋಣವಿದೆ. ಅದನ್ನು ಹೇಳಿಬಿಡುವುದೇ ಈ ಬರಹದ ಮೊದಲ ಉದ್ದೇಶ.

ಬಹಳ ವರ್ಷಗಳ ಹಿಂದೆ, ನೌಕರಿಯ ಆರಂಭದಲ್ಲಿ, ಕಚೇರಿಯೊಂದರ ಹಣಕಾಸು ವಿಭಾಗದಲ್ಲಿ ನಮ್ಮ ಮೇಜಿಗೆ ಒಂದು ಕಡತ ಬಂದಿತ್ತು. ಯಾವುದೋ ಕಾಡಿನ ಅಧ್ಯಯನ ತಾಣವೊಂದರ ಯೋಜನೆಯನ್ನು ಮುಂದುವರಿಸಬೇಕೆಂಬ ಕೋರಿಕೆ ಅದರಲ್ಲಿತ್ತು. ಕೇಳಿದ ಹಣ ದೊಡ್ಡದೇನಲ್ಲ. ಇಬ್ಬರು ಸಂಶೋಧನಾ ಸಹಾಯಕರ ವೇತನ, ಸ್ಥಳೀಯ ಕೆಲಸಗಾರರ ದಿನಗೂಲಿ, ಜೀಪಿನ ಡೀಸೆಲ್, ಬಿಲ್ಲೆ ಮತ್ತು ಅಳತೆಪಟ್ಟಿಗಳ ಖರ್ಚು. ನಾವು ಬಹಳ ಜಾಣತನದಿಂದ ಟಿಪ್ಪಣಿ ಬರೆದೆವು: ಇದೇ ಮರಗಳನ್ನು ಹಿಂದಿನ ಅವಧಿಯಲ್ಲಿಯೂ ಅಳೆಯಲಾಗಿದೆ, ಪ್ರಸ್ತಾವದಲ್ಲಿ ಹೊಸ ಅಂಶಗಳಿಲ್ಲ, ಪುನರಾವರ್ತನೆಗೆ ಸಮರ್ಥನೆ ಕೇಳಬಹುದು. ಮೇಲಿನವರು ಸಹಿ ಮಾಡಿದರು. ಸಮರ್ಥನೆ ಬಂತು, ಅದಕ್ಕೆ ಮತ್ತೊಂದು ಪ್ರಶ್ನೆ ಹೋಯಿತು, ಅಷ್ಟರಲ್ಲಿ ಮಾರ್ಚ್ ಮುಗಿಯಿತು. ಹಣ ಮಂಜೂರಾದದ್ದು ಮುಂದಿನ ವರ್ಷದ ಕೊನೆಯಲ್ಲಿ. ಆ ನಡುವಿನ ವರ್ಷ ಅಲ್ಲಿ ಅಳತೆ ನಡೆಯಲಿಲ್ಲವೆಂದು ಮುಂದೆ ಬಂದ ವರದಿಯ ಒಂದು ಸಾಲಿನಿಂದ ತಿಳಿಯಿತು. ಆ ಸಾಲನ್ನು ಓದಿದಾಗ ನಮಗೆ ಏನೂ ಅನ್ನಿಸಲಿಲ್ಲ. ನಿಯಮದ ಪ್ರಕಾರವೇ ನಡೆದಿದ್ದೆವು.

ಅನ್ನಿಸಿದ್ದು ಬಹಳ ತಡವಾಗಿ, ಮುದುಮಲೆಯ ಅಧ್ಯಯನಗಳ ಬಗ್ಗೆ ಓದಿದಾಗ. ಮೊದಲ ಗಣತಿಯಲ್ಲಿ ಅಲ್ಲಿ ಹೇರಳವಾಗಿದ್ದ ಜಾತಿಗಳಲ್ಲಿ ಕಿಡಿಯಾ ಎಂಬುದೊಂದು. ದಾಸವಾಳ, ಬೆಂಡೆಗಳ ಕುಟುಂಬಕ್ಕೆ ಸೇರಿದ ಮರ. ಆನೆಗಳಿಗೆ ಅದರ ತೊಗಟೆ ಮತ್ತು ಕೊಂಬೆ ಪ್ರಿಯ. ವರ್ಷ ವರ್ಷದ ಎಣಿಕೆಯಲ್ಲಿ ಸಾವಿರಗಳಲ್ಲಿದ್ದ ಅದರ ಸಂಖ್ಯೆ ಇಳಿಯುತ್ತ ಹೋಯಿತು. ಬಸ್ಸಿನ ಕಿಟಕಿಯಿಂದ ಆನೆಯನ್ನು ಹುಡುಕುವ ನಮಗೆ ಕಾಡು ಹಾಗೆಯೇ ಇದ್ದಂತೆ ಕಾಣುತ್ತಿದ್ದ ಅದೇ ವರ್ಷಗಳಲ್ಲಿ ಒಂದು ಜಾತಿ ಕಾಡಿನ ಆ ಭಾಗದಿಂದ ಸರಿದುಹೋಗುತ್ತಿತ್ತು. ಒಂದು ಸಲದ ಸಮೀಕ್ಷೆಗೆ ಇದು ದಕ್ಕುವುದಿಲ್ಲ. 1988ರಲ್ಲಿ ಹೋದವರಿಗೆ ಕಿಡಿಯಾ ಸಮೃದ್ಧವೆಂದೂ, ಹತ್ತು ವರ್ಷ ಬಿಟ್ಟು ಹೋದವರಿಗೆ ಅದು ವಿರಳವೆಂದೂ ತೋರುತ್ತಿತ್ತು. ಎರಡೂ ನಿಜ. ಆದರೆ ಇವೆರಡರ ನಡುವೆ ನಡೆದದ್ದನ್ನು ಹೇಳಬಲ್ಲದ್ದು ಅದೇ ಮರಗಳ ಬಳಿಗೆ ಮತ್ತೆ ಮತ್ತೆ ಹೋದ ಪುಸ್ತಕ ಮಾತ್ರ.

ಬೆಂಕಿಯ ವಿಷಯವೂ ಹಾಗೆಯೇ. ಎಲೆಯುದುರಿಸುವ ಕಾಡಿನಲ್ಲಿ ನೆಲದ ಬೆಂಕಿ ಹಾದುಹೋದಾಗ ದೊಡ್ಡ ಮರಗಳು ಹೆಚ್ಚಾಗಿ ಉಳಿದುಕೊಳ್ಳುತ್ತವೆ, ಬೆರಳುಗಾತ್ರದ ಸಸಿಗಳು ಸಾಯುತ್ತವೆ. ಮೇಲ್ನೋಟಕ್ಕೆ ಮುಂದಿನ ಮಳೆಗೆ ಎಲ್ಲವೂ ಹಸಿರು. ಬೆಂಕಿಯ ವರ್ಷಗಳು ಒತ್ತೊತ್ತಾಗಿ ಬಂದರೆ ಮುಂದಿನ ತಲೆಮಾರಿನ ಮರಗಳಿಗೆ ಆಸ್ಪದವೇ ಇರುವುದಿಲ್ಲ. ಬಿಡುವು ಸಿಕ್ಕರೆ ಅವು ತಲೆಯೆತ್ತುತ್ತವೆ. ಬರದ ಲೆಕ್ಕ ಇನ್ನೂ ಸೂಕ್ಷ್ಮವಾದುದು. ಮಳೆಗೂ ಮರಗಳ ಸಾವಿಗೂ ಇರುವ ಸಂಬಂಧವನ್ನು ಕುರಿತು ಮುದುಮಲೆಯ 19 ವರ್ಷಗಳ ಎಣಿಕೆಯನ್ನು ಆಧರಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮಳೆ ಕೈಕೊಟ್ಟ ವರ್ಷವೇ ಮರ ಸಾಯುತ್ತದೆಂದು ನಾವು ತಿಳಿದಿರುತ್ತೇವೆ. ಆದರೆ ಬರದ ಪೆಟ್ಟು ಮರದಲ್ಲಿ ಕೆಲವು ವರ್ಷ ತಡವಾಗಿ ಕಾಣಿಸಿಕೊಳ್ಳಬಹುದೆಂದು ಇಂಥ ದೀರ್ಘ ಲೆಕ್ಕಗಳು ತೋರಿಸುತ್ತವೆ. ಚೆನ್ನಾಗಿ ಮಳೆಯಾದ ವರ್ಷ ಒಣಗಿ ನಿಂತ ಮರವನ್ನು ಕಂಡವರು ಎಂದೋ ಕಳೆದ ಬರವನ್ನು ನೆನೆಯುವುದಿಲ್ಲ. ಪುಸ್ತಕ ನೆನೆಯುತ್ತದೆ, ಅದರಲ್ಲಿ ಪುಟ ಹಾರಿಹೋಗಿರದಿದ್ದರೆ. ನಮ್ಮ ಟಿಪ್ಪಣಿಯಿಂದ ಹಾರಿಹೋದ ಪುಟದಲ್ಲಿ ಏನಿತ್ತೋ ಈಗ ಯಾರಿಗೂ ತಿಳಿಯುವಂತಿಲ್ಲ. ಬಾಕಿ ಬಿದ್ದ ಕಡತವನ್ನು ಮುಂದಿನ ವಾರ ಮುಗಿಸಬಹುದು, ತಪ್ಪಿದ ವೇತನವನ್ನು ಹಿಂಬಾಕಿ ಸಹಿತ ಕೊಡಬಹುದು. ಅಳೆಯದೆ ಬಿಟ್ಟ ವರ್ಷವನ್ನು ಆಮೇಲೆ ಅಳೆಯಲು ಬರುವುದಿಲ್ಲ.

ಸರ್ಕಾರಕ್ಕೆ ಈ ತತ್ತ್ವ ಗೊತ್ತಿಲ್ಲವೆಂದಲ್ಲ. ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾದದ್ದು 1875ರಲ್ಲಿ. ಮಳೆಮಾಪಕದ ಮುಂದೆ ನಿಂತು, ಕಳೆದ ವರ್ಷವೂ ಮಳೆಯನ್ನೇ ಅಳೆದಿರಿ, ಈ ವರ್ಷ ಹೊಸದೇನು ಎಂದು ಯಾವ ಹಣಕಾಸು ವಿಭಾಗವೂ ಕೇಳಿಲ್ಲ. ಜನಗಣತಿಯನ್ನು ಪುನರಾವರ್ತನೆಯೆಂದು ಯಾರೂ ಅನ್ನುವುದಿಲ್ಲ. ಕಾಡಿನ ತಾಣಗಳು ಮಾತ್ರ ನಮ್ಮ ವ್ಯವಸ್ಥೆಯಲ್ಲಿ ಯೋಜನೆಗಳು. ಯೋಜನೆಗೆ ಮೂರು ವರ್ಷ ಅಥವಾ ಐದು ವರ್ಷದ ಆಯಸ್ಸು, ಗುರಿ, ಫಲಿತಾಂಶ, ಮುಕ್ತಾಯ ವರದಿ. ಮತ್ತಿಮರಕ್ಕೆ ಐದು ವರ್ಷವೆಂದರೆ ಕಾಂಡ ಒಂದಿಷ್ಟು ದಪ್ಪವಾಗುವ ಸಮಯ. 2015ರಲ್ಲಿ ಪ್ಯಾರಿಸ್ ಹವಾಮಾನ ಸಮ್ಮೇಳನದ ಸಂದರ್ಭದಲ್ಲಿ ಕೇಂದ್ರ ಪರಿಸರ ಸಚಿವಾಲಯವು ದೀರ್ಘಾವಧಿ ಪರಿಸರ ವೀಕ್ಷಣಾಲಯಗಳ ಕಾರ್ಯಕ್ರಮವನ್ನು ಪ್ರಕಟಿಸಿತು. ವೀಕ್ಷಣಾಲಯ ಎಂಬ ಶಬ್ದವೇ ನಮಗೆ ಸಮಾಧಾನ ತಂದಿತು, ಏಕೆಂದರೆ ವೀಕ್ಷಣಾಲಯಕ್ಕೆ ಮುಕ್ತಾಯ ವರದಿ ಇರಬಾರದು. ಆದರೆ ಹೆಸರು ಬದಲಾದರೆ ಸಾಲದು, ಕಡತ ನಡೆಯುವ ರೀತಿಯೂ ಬದಲಾಗಬೇಕೆಂದು ಒಳಗಿನವರಾಗಿ ನಾವು ಬಲ್ಲೆವು.

ಇಂಥ ಲೆಕ್ಕ ಯಾವಾಗ ಯಾವ ಉಪಯೋಗಕ್ಕೆ ಬರುತ್ತದೆಂದು ಮೊದಲೇ ಹೇಳಲಾಗದು. ಅಮೆರಿಕದ ನ್ಯೂ ಹ್ಯಾಂಪ್‌ಷೈರಿನ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ 1963ರಿಂದ ಮಳೆನೀರಿನ ಮತ್ತು ತೊರೆನೀರಿನ ರಾಸಾಯನಿಕ ಗುಣಗಳನ್ನು ಬಿಡದೆ ಪರೀಕ್ಷಿಸುತ್ತ ಬಂದರು. ಆಮ್ಲಮಳೆಯನ್ನು ಹುಡುಕಲು ಆರಂಭಿಸಿದ ಕೆಲಸವಲ್ಲ ಅದು. ಮಳೆನೀರು ಅಸಹಜವಾಗಿ ಆಮ್ಲೀಯವಾಗಿದೆಯೆಂಬುದು ಆ ಲೆಕ್ಕದಲ್ಲಿ ಗೋಚರವಾಯಿತು. 1990ರಲ್ಲಿ ಅಲ್ಲಿನ ವಾಯುಶುದ್ಧಿ ಕಾನೂನಿಗೆ ತಿದ್ದುಪಡಿಯಾದಾಗ ಆ ಪುರಾವೆಯ ಪಾತ್ರವೂ ಇತ್ತು. ನಮ್ಮ ಎಂ.ಎ. ತರಗತಿಯಲ್ಲಿ ಥೋರೋನ ‘ವಾಲ್ಡನ್’ ಪಠ್ಯವಾಗಿತ್ತು. ಏಕಾಂತ, ಸರಳ ಜೀವನ, ಪ್ರಕೃತಿಪ್ರೇಮ ಎಂದು ಪುಟಗಟ್ಟಲೆ ಉತ್ತರ ಬರೆದೆವು. ಅದೇ ಮನುಷ್ಯ 1850ರ ದಶಕದಲ್ಲಿ ಕಾಂಕರ್ಡ್ ಊರಿನಲ್ಲಿ ಯಾವ ಗಿಡ ಯಾವ ದಿನ ಮೊದಲ ಹೂ ಬಿಟ್ಟಿತೆಂದು ವರ್ಷ ವರ್ಷವೂ ಪಟ್ಟಿ ಮಾಡಿದ್ದನೆಂದು ನಮಗೆ ಯಾರೂ ಹೇಳಿಕೊಡಲಿಲ್ಲ. ಒಂದೂವರೆ ಶತಮಾನದ ನಂತರ ಬಾಸ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಪ್ರೈಮ್ಯಾಕ್ ಮತ್ತು ಜೊತೆಗಾರರು ಆ ಪಟ್ಟಿಗಳನ್ನು ತೆಗೆದು ಇಂದಿನ ದಿನಾಂಕಗಳೊಡನೆ ಹೋಲಿಸಿದಾಗ, ಅಲ್ಲಿನ ಗಿಡಗಳು ಸರಾಸರಿ ಒಂದು ವಾರದಷ್ಟು ಮುಂಚೆ ಹೂ ಬಿಡುತ್ತಿರುವುದು ಕಂಡಿತು. ಸಾಹಿತ್ಯದ ವಿದ್ಯಾರ್ಥಿಗಳಾಗಿ ನಾವು ಬಿಟ್ಟುಬಿಟ್ಟ ಪುಟಗಳಲ್ಲೇ ಹವಾಮಾನ ಬದಲಾವಣೆಯ ಸಾಕ್ಷ್ಯವಿತ್ತು.

ಇದಕ್ಕೆ ಎರಡು ಆಕ್ಷೇಪಗಳುಂಟು. ಎರಡನ್ನೂ ಹಗುರವಾಗಿ ಕಾಣುವಂತಿಲ್ಲ.

ಮೊದಲನೆಯದು: ಉಪಗ್ರಹಗಳು ಆಕಾಶದಿಂದ ಎಲ್ಲವನ್ನೂ ನೋಡುತ್ತಿರುವಾಗ ಅಳತೆಪಟ್ಟಿ ಹಿಡಿದು ಮರ ಸುತ್ತುವುದೇಕೆ? ಉಪಗ್ರಹಕ್ಕೆ ಕಾಣುವುದು ಮೇಲಿನ ಹಸಿರು. ಹಸಿರಿನ ಕೆಳಗೆ ಬೆರಳುಗಾತ್ರದ ಸಸಿಗಳಿವೆಯೋ, ಲಂಟಾನದ ಪೊದೆಯಿದೆಯೋ ಎಂಬುದೇ ಕಾಡಿನ ಮುಂದಿನ ನೂರು ವರ್ಷದ ಪ್ರಶ್ನೆ. ಬಿಳಿಗಿರಿರಂಗನ ಬೆಟ್ಟದಲ್ಲಿ 1997ರಲ್ಲಿ ನೋಡಿದ್ದ ನೂರಕ್ಕೂ ಹೆಚ್ಚು ಪುಟ್ಟ ತಾಣಗಳಿಗೆ ಸಂಶೋಧಕರು 2008ರಲ್ಲಿ ಮತ್ತೆ ಹೋದಾಗ, ಲಂಟಾನ ಇರುವ ತಾಣಗಳ ಸಂಖ್ಯೆ ಹೆಚ್ಚುಕಡಿಮೆ ದುಪ್ಪಟ್ಟಾಗಿತ್ತು. ನೆಲದ ಮೇಲೆ ನಡೆದು ನೋಡಿದವರಿಗೆ ಸಿಕ್ಕ ಉತ್ತರ ಇದು. ಉಪಗ್ರಹದ ಚಿತ್ರವನ್ನು ಒರೆಗೆ ಹಚ್ಚಬೇಕಾದರೂ ನೆಲದ ಮೇಲಿನ ಅಳತೆ ಬೇಕು.

ಎರಡನೆಯ ಆಕ್ಷೇಪ ನಮ್ಮನ್ನು ಹೆಚ್ಚು ಕಾಡುತ್ತದೆ. ಕಾಡಿನಲ್ಲಿ ತಲೆಮಾರುಗಳಿಂದ ಬಾಳಿದವರನ್ನು ಹೊರಗಿಟ್ಟು, ನಗರದಿಂದ ಬಂದವರಿಗೆ ಮರ ಎಣಿಸಲು ಪರವಾನಗಿ ಕೊಡುವುದು ಯಾವ ನ್ಯಾಯ? ಬಿಳಿಗಿರಿರಂಗನ ಬೆಟ್ಟದ ಉದಾಹರಣೆಯನ್ನೇ ಮುಂದುವರಿಸೋಣ. ಅಲ್ಲಿನ ಸೋಲಿಗರು ಬೇಸಿಗೆಯ ಮೊದಲಲ್ಲೇ ನೆಲದ ತರಗೆಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ಅಭಯಾರಣ್ಯವಾದ ಮೇಲೆ ಅದು ನಿಂತುಹೋಯಿತು. ಬೆಂಕಿ ನಿಂತದ್ದರಿಂದಲೇ ಲಂಟಾನ ಹಬ್ಬಿತು, ನೆಲ್ಲಿಮರಗಳಿಗೆ ಬಂದಳಿಕೆ ಹೆಚ್ಚಿತು ಎಂದು ಸೋಲಿಗರು ಹೇಳುತ್ತ ಬಂದರು. ಬಹುಕಾಲ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮುದುಮಲೆಯಲ್ಲಿ ಬೆಂಕಿ ಸಸಿಗಳನ್ನು ಕೊಲ್ಲುತ್ತದೆ ಎಂದೆವು. ಇಲ್ಲಿ ಬೆಂಕಿಯಿಲ್ಲದೆ ಕಾಡು ಕೆಟ್ಟಿತೆನ್ನುವವರಿದ್ದಾರೆ. ಎಂಥ ಬೆಂಕಿ, ಯಾವ ತಿಂಗಳಲ್ಲಿ, ಎಷ್ಟು ವರ್ಷಕ್ಕೊಮ್ಮೆ ಎಂಬುದನ್ನು ಬಿಟ್ಟು ಬೆಂಕಿ ಒಳ್ಳೆಯದೋ ಕೆಟ್ಟದೋ ಎಂದು ವಾದಿಸುವುದರಲ್ಲಿ ಅರ್ಥವಿಲ್ಲ. ಈ ಪ್ರಶ್ನೆಯನ್ನು ಬಿಡಿಸಲು ಸೋಲಿಗರ ನೆನಪೂ ಬೇಕು, ಸಂಖ್ಯೆಯ ಪುಸ್ತಕವೂ ಬೇಕು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ ಸೋಲಿಗರಿಗೆ ಸಮುದಾಯ ಹಕ್ಕು ದೊರೆತದ್ದು, ಹುಲಿ ಮೀಸಲು ಪ್ರದೇಶವೊಂದರಲ್ಲಿ ಮೊದಲ ಬಾರಿಗೆ. ಅಂಥ ಹಕ್ಕುಳ್ಳವರು ಅಧ್ಯಯನ ತಾಣದಲ್ಲಿ ಕೂಲಿಯಾಳಾಗಿ ಮಾತ್ರ ಇರಬೇಕೇ? ಏನನ್ನು ಎಣಿಸಬೇಕೆಂದು ತೀರ್ಮಾನಿಸುವಾಗಲೂ ಅವರು ಕುಳಿತಿರಬೇಕು.

ಇಲ್ಲಿ ತೇಜಸ್ವಿಯವರ ‘ಕರ್ವಾಲೊ’ ನೆನಪಾಗದೆ ಇರದು. ಆ ಕಾದಂಬರಿಯ ವಿಜ್ಞಾನಿ, ಊರಿನವರು ಉಡಾಳನೆಂದು ತಳ್ಳಿಹಾಕಿದ್ದ ಮಂದಣ್ಣನ ಕಣ್ಣನ್ನು ನಂಬುತ್ತಾನೆ. ನಮ್ಮ ಕಾಡುಗಳ ಪ್ರತಿ ಅಧ್ಯಯನ ತಾಣದಲ್ಲಿಯೂ ಒಬ್ಬ ಮಂದಣ್ಣನಿರುತ್ತಾನೆ. ನೀಲಗಿರಿಯ ತಪ್ಪಲಲ್ಲಿ ಬೆಟ್ಟಕುರುಂಬರು, ಕಾಟ್ಟುನಾಯಕರು, ಇರುಳರು, ಕನ್ನಡಕ್ಕೆ ಹತ್ತಿರದ ನುಡಿಯನ್ನಾಡುವ ಬಡಗರು ಇದ್ದಾರೆ. ಎಲೆ ಉದುರಿ ನಿಂತ ಮರವನ್ನು ತೊಗಟೆಯಿಂದ ಗುರುತಿಸುವುದು, ಆನೆಯ ವಾಸನೆ ಹಿಡಿದು ತಂಡವನ್ನು ನಿಲ್ಲಿಸುವುದು, ಬಿದ್ದುಹೋದ ಬಿಲ್ಲೆ ಯಾವ ಮರದ್ದೆಂದು ಹೇಳುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಸಂಶೋಧನಾ ವಿದ್ಯಾರ್ಥಿ ನಾಲ್ಕೈದು ವರ್ಷದಲ್ಲಿ ಪದವಿ ಪಡೆದು ಹೋಗುತ್ತಾರೆ. ತಾಣದ ನಿಜವಾದ ನೆನಪು ಇಂಥವರ ತಲೆಯಲ್ಲಿ ಉಳಿಯುತ್ತದೆ. ನಮ್ಮ ಕಡತಗಳಲ್ಲಿ ಅವರು ‘ಆಕಸ್ಮಿಕ ವೆಚ್ಚ’ ಎಂಬ ತಲೆಬರಹದ ಕೆಳಗೆ ಬರುತ್ತಾರೆ. ಇಪ್ಪತ್ತು ವರ್ಷ ಒಂದೇ ಕಾಡನ್ನು ಅಳೆದವರನ್ನು ಆಕಸ್ಮಿಕ ಎನ್ನುವ ಭಾಷೆಯನ್ನು ಬರೆದವರಲ್ಲಿ ನಾವೂ ಒಬ್ಬರು.

ಹಾಗಾದರೆ ಏನು ಮಾಡಬೇಕು? ನಮ್ಮ ಅನುಭವದ ಮಿತಿಯಲ್ಲಿ ಮೂರು ಮಾತುಗಳನ್ನು ಹೇಳುತ್ತೇವೆ. ದೇಶದಲ್ಲಿ ಈಗಾಗಲೇ ನಡೆಯುತ್ತಿರುವ ಹಳೆಯ ತಾಣಗಳನ್ನು ಗುರುತಿಸಿ, ಹವಾಮಾನ ಕೇಂದ್ರಗಳಂತೆ ಅವುಗಳನ್ನು ಯೋಜನೆಯ ಪಟ್ಟಿಯಿಂದ ತೆಗೆದು ಸ್ಥಾಯೀ ವೆಚ್ಚದ ಪಟ್ಟಿಗೆ ಸೇರಿಸಬೇಕು. ಅಲ್ಲಿ ದೀರ್ಘಕಾಲ ದುಡಿಯುವ ಸ್ಥಳೀಯರಿಗೆ ಹುದ್ದೆ, ವಿಮೆ, ನಿವೃತ್ತಿ ಸೌಲಭ್ಯ ಇರಬೇಕು. ಪ್ರಬಂಧಗಳಲ್ಲಿ ಅವರ ಹೆಸರಿರಬೇಕು. ಮತ್ತು ತಾಣದಲ್ಲಿ ಕಂಡುಕೊಂಡದ್ದು ಇಂಗ್ಲಿಷಿನ ನಿಯತಕಾಲಿಕದಲ್ಲಿ ಮಾತ್ರ ಉಳಿಯದೆ ಕನ್ನಡದಲ್ಲಿ, ತಮಿಳಿನಲ್ಲಿ ಆ ಕಾಡಿನ ಜನರ ಬಳಿಗೆ ಮರಳಬೇಕು. ಉತ್ತರ ಕನ್ನಡದ ಕಾಡುಗಳಲ್ಲಿ 1984ರಿಂದ ಅಳೆದ ತಾಣಗಳಿವೆ. ಪುದುಚೇರಿಯ ಫ್ರೆಂಚ್ ಸಂಸ್ಥೆ 1990ರ ಸುಮಾರಿಗೆ ಕೊಡಗಿನ ಉಪ್ಪಂಗಳದ ನಿತ್ಯಹರಿದ್ವರ್ಣ ಕಾಡಿನಲ್ಲಿ ಆರಂಭಿಸಿದ ತಾಣವಿದೆ. ಇವುಗಳ ಕತೆಯನ್ನು ಕನ್ನಡದಲ್ಲಿ ಓದಿದ ನೆನಪು ನಿಮ್ಮಲ್ಲಿ ಎಷ್ಟು ಜನಕ್ಕಿದೆ?

ಹೊರನಾಡಿನಲ್ಲಿರುವ ನಮಗೆ ಇದರಲ್ಲಿ ಪಾತ್ರವೇ ಇಲ್ಲವೆಂದುಕೊಳ್ಳಬೇಕಿಲ್ಲ. ನಮ್ಮ ಬಳಗದಲ್ಲಿ ಬ್ಯಾಂಕಿನವರು, ಲೆಕ್ಕಪರಿಶೋಧಕರು, ಸಚಿವಾಲಯದವರು ಇದ್ದೀರಿ. ಇಂಥದೊಂದು ಕಡತ ಎಂದಾದರೂ ನಿಮ್ಮ ಮೇಜಿಗೆ ಬಂದೀತು. ಆಗ ‘ಹೊಸತೇನು’ ಎಂದು ಬರೆಯುವ ಮುನ್ನ ಒಂದು ಗಳಿಗೆ ತಡೆಯಿರಿ. ಉಳಿದವರು ನಿಮ್ಮ ಬೀದಿಯ ಮರವೊಂದನ್ನು ಆರಿಸಿಕೊಳ್ಳಬಹುದು. ಒಂದೇ ಮರದ ಚಿಗುರು, ಹೂ, ಕಾಯಿಗಳನ್ನು ವಾರಕ್ಕೊಮ್ಮೆ ನೋಡಿ ದಾಖಲಿಸುವ ಸೀಸನ್‌ವಾಚ್ ಎಂಬ ಜನವಿಜ್ಞಾನ ಕಾರ್ಯಕ್ರಮ ನಮ್ಮ ದೇಶದಲ್ಲಿ ನಡೆಯುತ್ತಿದೆ. ನಮ್ಮ ವಸತಿಗೃಹದ ಗೇಟಿನ ಬಳಿ ಒಂದು ಹೊಂಗೆಯ ಮರವಿದೆ. ಕಳೆದ ಎರಡು ವರ್ಷಗಳಿಂದ ಅದನ್ನು ನೋಡಿ ಬರೆದಿಡುತ್ತಿದ್ದೇವೆ. ಮುಂದಿನ ವರ್ಷ ವರ್ಗಾವಣೆಯ ಸರದಿ. ಎದುರುಮನೆಯ ಹುಡುಗಿ ಹೈಸ್ಕೂಲಿನಲ್ಲಿದ್ದಾಳೆ, ಮನೆಮಾತು ತೆಲುಗು. ಪುಸ್ತಕವನ್ನು ಅವಳಿಗೆ ಕೊಟ್ಟುಹೋಗುವುದೆಂದು ಮಾತಾಗಿದೆ. ಅಂಕಣಗಳ ತಲೆಬರಹವನ್ನು ಮಾತ್ರ ಕನ್ನಡದಿಂದ ಬದಲಿಸಿಕೊಡಿ ಅಂಕಲ್ ಎಂದು ಅವಳು ಕೇಳಿದ್ದಾಳೆ. ಬದಲಿಸುತ್ತಿದ್ದೇವೆ.